ಮೇಲಿನ ರೂಮಿನ ಅಡ್ವಾನ್ಸು, 11 ಅಕ್ಷರದ ಗೋಳು

ಹಾಂ, ನಮಸ್ಕಾರ. ಮೈಸೂರು, ಸರಸ್ವತಿಪುರಂ. ಹಿಂದೆ ಇರುವುದು ನನ್ನ ಬ್ಯಾಂಕು, ಬೋರ್ಡ್ ಬ್ಲರ್ ಮಾಡಿದ್ದೇನೆ. ಇದು ಮೂರನೇ ಸಲ ಬರುತ್ತಿರುವುದು.

ಗೋಕುಲಂನಲ್ಲಿ ನಮ್ಮ ಮೇಲಿನ ರೂಮು ಇದೆಯಲ್ಲ, ಯೋಗ ಕಲಿಯಲು ಬರುವ ಜರ್ಮನಿಯ ಹುಡುಗಿಗೆ ಕೊಟ್ಟೆವು. ಅಡ್ವಾನ್ಸು 300 ಯೂರೋ. ಐಬ್ಯಾನ್, ಅಂದರೆ ಅಂತರರಾಷ್ಟ್ರೀಯ ಖಾತೆ ನಂಬರು, ಕೊಡಿ ಅಂದಳು. ಭಾರತದಲ್ಲಿ ಐಬ್ಯಾನ್ ಇಲ್ಲಮ್ಮ ಅಂದೆ. ಹಾಗಾದರೆ ಬಿಐಸಿ ಅಂದಳು, ಅದೇ, ಹೊರದೇಶದ ದುಡ್ಡಿಗೆ ಬ್ಯಾಂಕು ಗುರುತಿಸುವ ಸ್ವಿಫ್ಟ್ ಕೋಡ್. ನಾನು ಜಾಣ, ಪಾಸ್‌ಬುಕ್ ನೋಡಿ ಐಎಫ್‌ಎಸ್‌ಸಿ, ಅಂದರೆ ನಮ್ಮ ದೇಶದೊಳಗಿನ ಬ್ರಾಂಚ್ ಕೋಡ್, ಕಳಿಸಿದೆ. ಬಿಐಸಿಯ ಹಾಗೇ 11 ಅಕ್ಷರ ಇತ್ತು, ಸರಿ ಇರಬೇಕು ಅಲ್ವಾ?

ಅವಳ ಬ್ಯಾಂಕಿನ ಫಾರಂ ತಗೊಳ್ಳಲೇ ಇಲ್ಲ. ಐಎಫ್‌ಎಸ್‌ಸಿಯಲ್ಲಿ ಐದನೆಯದು ಸೊನ್ನೆ. ಪಾಪ, ನಾನೇ ತಪ್ಪು ಬರೆದೆ ಅಂದುಕೊಂಡು ಸೊನ್ನೆ ತೆಗೆದು ಇಂಗ್ಲಿಷ್ 'ಓ' ಹಾಕಿದಳು. ಆಗಲೂ ಇಲ್ಲ. ಸ್ವಿಫ್ಟ್ ಕೋಡಲ್ಲಿ ಮೊದಲ ನಾಲ್ಕು ಬ್ಯಾಂಕಿನದು, ಆಮೇಲೆ ದೇಶದ ಎರಡಕ್ಷರ, ನಮಗಾದರೆ 'ಐ ಎನ್'. ಸೊನ್ನೆ ಎಲ್ಲಿಂದ ಬರಬೇಕು? ಎರಡು ಸಂಜೆ ವಾಟ್ಸಾಪಲ್ಲಿ ಸುಮ್ನೆ ಸೊನ್ನೆಯೋ ಓನೋ ಅಂತ ಕಿತ್ತಾಡಿದೆವು.

ಬ್ಯಾಂಕಿಗೆ ಬಂದರೆ, 'ಈ ಬ್ರಾಂಚಿಗೆ ಸ್ವಿಫ್ಟ್ ಕೋಡೇ ಇಲ್ಲ'. ಮರುದಿನ ಬಂದಾಗ ಚಲನ್ ಹಿಂದೆ ಪೆನ್ಸಿಲಲ್ಲಿ ದೊಡ್ಡ ಬ್ರಾಂಚಿನ ಕೋಡ್ ಬರೆದುಕೊಟ್ಟರು. ಎಂಟೇ ಅಕ್ಷರ! 'ಇನ್ನು ಮೂರು ಎಲ್ಲಿ?' ಅಂತ ಹುಡುಗಿ. ಎಂಟಾದರೂ ನಡೆಯುತ್ತದೆ, 11 ಕೇಳಿದರೆ ಕೊನೆಗೆ ಮೂರು 'ಎಕ್ಸ್'.

ನಮ್ಮಪ್ಪನಿಗೆ ಇದೆಲ್ಲ ತಲೆಗೇ ಹೋಗುವುದಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲೇ ಎಸ್‌ಬಿಐಗೆ ಸೇರಿತು, ಅವರ ಬಾಯಲ್ಲಿ ಇವತ್ತಿಗೂ 'ಮೈಸೂರು ಬ್ಯಾಂಕು'. ಹಳೇ ಚೆಕ್‌ಬುಕ್ ಬೀರುವಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಾರೆ, ಬೆಳ್ಳಿ ಲೋಟದ ಪಕ್ಕ. ಅದನ್ನು ಇನ್ನೊಂದು ವಿಡಿಯೋದಲ್ಲಿ ತೋರಿಸುತ್ತೇನೆ.

ಎಲ್ಲಿದ್ದೆ? ದುಡ್ಡು ಬಂತು, 15 ಯೂರೋ ಕಡಿಮೆ! ಸ್ವಿಫ್ಟ್‌ನವರು ನುಂಗಿದರು ಅಂತ ಮೊನ್ನೆ ಸ್ಟೋರಿಯಲ್ಲಿ ಬೈದಿದ್ದೆ, ವಾಪಸ್ ತಗೊಂಡೆ. ಸ್ವಿಫ್ಟ್ ಬ್ಯಾಂಕಿಂದ ಬ್ಯಾಂಕಿಗೆ ಸಾಗಿಸುವುದು ಬರೀ ಸಂದೇಶ, ದುಡ್ಡಲ್ಲ. ನಡುವೆ ಇನ್ನೊಂದು ಬ್ಯಾಂಕ್ ಕೂತಿರುತ್ತದೆ, ಅದು ತನ್ನ ಪಾಲು ಕಿತ್ತುಕೊಳ್ಳುತ್ತದೆ. ಕಳಿಸುವವರು ಚಾರ್ಜಿನ ಜಾಗದಲ್ಲಿ ಇಂಗ್ಲಿಷಿನ 'ಅವರ್' (OUR) ಆರಿಸಿದರೆ ಖರ್ಚು ಕಳಿಸಿದವರ ತಲೆಗೆ, 'ಶಾ' (SHA, ಶೇರ್ಡ್) ಅಂದರೆ ಇಬ್ಬರಿಗೂ. ಇವಳು 'ಶಾ' ಒತ್ತಿದ್ದಾಳೆ. ಆ 15 ಕೇಳಲೋ ಬೇಡವೋ? ಕೇಳಿದರೆ ಜಿಪುಣ ಅನ್ನುತ್ತಾಳೆ. ಕೇಳುತ್ತೇನೆ ಬಿಡಿ... ಇಲ್ಲ, ಬೇಡ, ಬಿಸಿನೀರಿಗೆ ಜಾಸ್ತಿ ಹಾಕಿದರಾಯಿತು.

ಅಯ್ಯೋ, ಸೆಕ್ಯುರಿಟಿಯವರು ಬಂದರು. ತೆಗೆದೆ ಸಾರ್, ಗಾಡಿ ತೆಗೆದೆ!