ಕೋಡಿ ನೀರು ಎಲ್ಲಿಗೆ ಹೋಗುತ್ತೆ?

ಕೇಳುಗರಿಗೆ ನಮಸ್ಕಾರ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹಳ್ಳಿಯಲ್ಲಿ ಕೂತು ಕೇಳುತ್ತಿರುವವರಿಗೆ ಒಂದೇ ಪ್ರಶ್ನೆ. ನಿಮ್ಮೂರ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಎಲ್ಲಿಗೆ ಹೋಗುತ್ತೆ?

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ಇದೆ, ನಿಜ. ಅದನ್ನೂ ಹಿಂದಿನವರು ಕೆರೆ ಕೆರೆಯಾಗಿ ಕಟ್ಟಿ ನಿಲ್ಲಿಸಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಊರೂ ಹಾಗೇ, ಇಳಿಜಾರು ಹಿಡಿದೇ ಬೆಳೆದಿದೆ. ಗುಡ್ಡ, ಗೋಮಾಳ, ಕೆಂಪು ಮಣ್ಣಿನ ರಾಗಿ ಹೊಲ, ಆಮೇಲೆ ಕೆರೆ. ಏರಿ ಕೆಳಗೆ ಅಚ್ಚುಕಟ್ಟಿನ ಗದ್ದೆ.

ಮುಳಬಾಗಿಲು ತಾಲ್ಲೂಕಿನ ಒಂದು ಊರಿಗೆ ಹೋಗಿದ್ದೆ. ಮೇಲಿನ ಕೆರೆ ಕೋಡಿ ಬಿದ್ದು ವಾರವಾಗಿತ್ತು. ಈ ಊರ ಕೆರೆಯಲ್ಲಿ ಮಾತ್ರ ಬರೀ ಜಾಲಿ. ನಾನು ನಕ್ಷೆ ಬಿಡಿಸಿಕೊಂಡು ನಿಂತೆ. ಕೆರೆ ನೀರು ಬಿಡುವ ಕೆಲಸದ ವಯಸ್ಸಾದ ನೀರಗಂಟಿಯೊಬ್ಬರು ಬಂದು, "ಕಾಗದ ಮಡಚಿ ಇಡಿ ಸ್ವಾಮಿ, ನಡೀರಿ" ಅಂದರು. ಅರ್ಧ ಗಂಟೆ ನಡೆದೆವು. ಒಂದು ಹೊಲದ ಮೂಲೆಯಲ್ಲಿ ಅವರು ಕುಕ್ಕರುಗಾಲಲ್ಲಿ ಕೂತು ಕುಡುಗೋಲಿನ ತುದಿಯಿಂದ ನೆಲ ಕೆದಕಿದರು. ಮೇಲೆ ಒಂದು ಗೇಣು ಕೆಂಪು ಮಣ್ಣು. ಅದರ ಕೆಳಗೆ ಬಿಳೀ ಮರಳು, ಮರಳಲ್ಲಿ ಉಗುರಿನಷ್ಟು ಪುಟ್ಟ ನೀರಿನ ಬಸವನಹುಳುವಿನ ಚಿಪ್ಪುಗಳು. "ನೀರು ಹರೀದೆ ಇವು ಇಲ್ಲಿಗೆ ಹೆಂಗೆ ಬಂದ್ವು?" ಅಂದರು. ಮೇಲಿನ ಕೆರೆಯಿಂದ ನೀರು ತರುವ ರಾಜಕಾಲುವೆ ಅಲ್ಲೇ ಮುಚ್ಚಿಹೋಗಿತ್ತು, ಹೊಲದೊಳಗೆ.

ಮಾರನೇ ಬೇಸಿಗೆ ಊರವರೇ ಸೇರಿ ಕಾಲುವೆ ಮುಚ್ಚಿದ್ದಷ್ಟು ದೂರ ಅಗೆದರು. ಅಕ್ಟೋಬರಿನಲ್ಲಿ ಫೋನು ಬಂತು, ಓಡಿದೆ. ನೀರು ಬರುವುದನ್ನು ನೀವು ನೋಡಬೇಕಿತ್ತು! ತರಗೆಲೆ, ನೊರೆ, ಇರುವೆ, ಎಲ್ಲವನ್ನೂ ಮುಂದೆ ತಳ್ಳಿಕೊಂಡು, ಮನುಷ್ಯ ನಡೆಯುವಷ್ಟೇ ನಿಧಾನವಾಗಿ ಬಂತು. ಮಕ್ಕಳು ಅದರ ಜೊತೆಗೇ ಕೆರೆವರೆಗೂ ನಡೆದರು.

ಸಾವಿರ ಅಡಿ ಬೋರ್‌ವೆಲ್ ಕೊರೆಸುತ್ತೀರಿ, ಸಾಲ ಮಾಡುತ್ತೀರಿ. ಅದಕ್ಕೆ ಮುಂಚೆ ಕಾಲುವೆಯನ್ನ ಒಂದ್ಸಲ ನೋಡಬಾರದಾ? ಕೋಡಿ ನೀರು ಎಲ್ಲಿಗೆ ಹೋಗುತ್ತೆ, ಕೆರೆಗೆ ನೀರು ಎಲ್ಲಿಂದ ಬರುತ್ತೆ, ಇಷ್ಟೇ ನಾನು ಕೇಳುತ್ತಿರುವುದು.

ಬೇಸಿಗೆಯಲ್ಲಿ ಕೆರೆ ಗೋಡು, ಅಂದರೆ ಹೂಳು ಮಣ್ಣು, ಹೊಲಕ್ಕೆ ಹೊಡೆಯಿರಿ, ಕೆರೆಗೂ ಒಳ್ಳೆಯದು, ರಾಗಿಗೂ ಒಳ್ಳೆಯದು. ನಾಳೆ ಬಿಸಿಲೇರುವ ಮುಂಚೆ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಕೋಡಿ ಹತ್ತಿರ ಹೋಗಿ. ಅಲ್ಲಿಂದ ಕೆಳಗಿನ ಕೆರೆವರೆಗೂ ನಡೆಯಿರಿ. ಕೈಯಲ್ಲೊಂದು ಕುಡುಗೋಲು ಇರಲಿ. ನಮಸ್ಕಾರ.