ತಲೆಸುತ್ತಿಗೆ ತಲೆಯನ್ನೇ ತಿರುಗಿಸುವ ಚಿಕಿತ್ಸೆ

ಎಲ್ಲರಿಗೂ ನಮಸ್ಕಾರ. ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಯಾರಿಗಾದರೂ ತಲೆ ಸುತ್ತಿದರೆ ಮೊದಲು ಬರುವ ಮಾತು, 'ಪಿತ್ತ ಆಗಿರಬೇಕು, ಲಿಂಬು ಶರಬತ್ತು ಕುಡಿ.' ಪಕ್ಕದ ಮನೆಯ ಮಾವ್ಶಿ 'ಚಕ್ಕರ್ ಆಲಿ ಕಾ?' ಎನ್ನುತ್ತ ಬಿಪಿ ನೋಡಿಸಲು ಹೇಳುತ್ತಾರೆ. ಎರಡು ದಿನ ಕಳೆದರೆ ಕುತ್ತಿಗೆಗೆ ಪಟ್ಟಿ ಬಂದಿರುತ್ತದೆ. ಕಿವಿಯ ಮಾತು ಬಂದರೆ ಕೊನೆಗೆ.

ಏನು ಮಾಡಿದಾಗ ಸುತ್ತುತ್ತದೆ, ಎಷ್ಟು ಹೊತ್ತು? ಇದನ್ನು ಮೊದಲು ಕೇಳಬೇಕು. ಕೂತಲ್ಲಿಂದ ಎದ್ದ ಕೂಡಲೇ ಕಣ್ಣಿಗೆ ಕತ್ತಲೆ ಕಟ್ಟಿದರೆ ರಕ್ತದೊತ್ತಡ ನೋಡಿಸಿ. ಮಗ್ಗುಲು ಬದಲಿಸಿದಾಗ, ಅಟ್ಟದ ಡಬ್ಬಿಗೆ ಕತ್ತೆತ್ತಿದಾಗ ಗೋಡೆ, ಫ್ಯಾನು ಎಲ್ಲ ಗಿರ್ರನೆ ತಿರುಗಿ ಒಂದು ನಿಮಿಷದೊಳಗೆ ನಿಂತರೆ ಅದು ಬಹುಮಟ್ಟಿಗೆ ಬಿಪಿಪಿವಿ, ಅಂದರೆ ಒಳಗಿವಿಯ ಹರಳಿನ ತೊಂದರೆ. ಆದರೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ, ಆಸರೆಯಿಲ್ಲದೆ ನಿಲ್ಲಲೇ ಆಗದಿದ್ದರೆ ಫಿಸಿಯೊಥೆರಪಿಗೆ ಬರಬೇಡಿ. ಪಾರ್ಶ್ವವಾಯು ಇರಬಹುದು, ನೇರ ಆಸ್ಪತ್ರೆಗೆ ಹೋಗಿ.

ಈ ಹರಳುಗಳು ಕ್ಯಾಲ್ಸಿಯಂ ಕಾರ್ಬೊನೇಟಿನವು, ಸುಣ್ಣಕಲ್ಲಿನಲ್ಲಿರುವುದೂ ಅದೇ. ವಯಸ್ಸಿನಿಂದಲೋ ತಲೆಗೆ ಬಿದ್ದ ಪೆಟ್ಟಿನಿಂದಲೋ ಜಾಗ ಬಿಟ್ಟು ಕಳಚಿ, ಒಳಗಿವಿಯ ಮೂರು ಅರ್ಧವರ್ತುಲ ನಾಳಗಳ ಪೈಕಿ ಹೆಚ್ಚಾಗಿ ಹಿಂದಿನದಕ್ಕೆ ಜಾರುತ್ತವೆ. ತಲೆ ನಿಂತ ಮೇಲೂ ಹರಳು ಉರುಳುತ್ತಿರುತ್ತದೆ, ನಾಳದ ದ್ರವವನ್ನು ಎಳೆಯುತ್ತಿರುತ್ತದೆ. ಮಿದುಳಿಗೆ 'ಇನ್ನೂ ತಿರುಗುತ್ತಿದ್ದೇನೆ' ಎಂಬ ಸುಳ್ಳು ಸುದ್ದಿ ಹೋಗುತ್ತದೆ. ಮಾತ್ರೆಯಿಂದ ವಾಕರಿಕೆ ತಗ್ಗೀತು, ಹರಳು ವಾಪಸು ಹೋಗದು.

ಯಾವ ಕಿವಿ ಎಂದು ತಿಳಿಯದೆ ಚಿಕಿತ್ಸೆ ಶುರುಮಾಡಬಾರದು. ಅದಕ್ಕೆ 1952ರಿಂದ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಇದೆ. ತಲೆಯನ್ನು 45 ಡಿಗ್ರಿ ಒಂದು ಬದಿಗೆ ತಿರುಗಿಸಿ, ಬೇಗನೆ ಮಲಗಿಸಿ, ಕುತ್ತಿಗೆ ಸುಮಾರು 20 ಡಿಗ್ರಿ ಹಿಂದಕ್ಕೆ ಇಳಿಬಿಟ್ಟು ಕಣ್ಣು ನೋಡುತ್ತೇವೆ. ಕೆಲವು ಸೆಕೆಂಡು ಏನೂ ಇಲ್ಲ, ಆಮೇಲೆ ಕಣ್ಣುಗುಡ್ಡೆ ತಿರುಚಿಕೊಂಡು ಮೇಲಕ್ಕೆ ಚಿಮ್ಮತೊಡಗುತ್ತದೆ. ಹಿಂದಿನ ನಾಳದಲ್ಲಿ ತೊಂದರೆಯಿದ್ದರೆ, ಆಗ ಕೆಳಗಿರುವ ಕಿವಿಯೇ ಕಳ್ಳ.

ಬಲಗಿವಿ ಎಂದಿಟ್ಟುಕೊಳ್ಳಿ. ಹರಳನ್ನು ನಾಳದಿಂದ ಹೊರಳಿಸಿ ವಾಪಸು ಕಳಿಸುವ ಎಪ್ಲಿ ವಿಧಾನದಲ್ಲಿ ಮಂಚದ ಮೇಲೆ ಕಾಲು ಚಾಚಿ ಕೂತು, ಮಲಗಿದಾಗ ಭುಜದ ಕೆಳಗೆ ಬರುವಂತೆ ದಿಂಬು ಇಡುತ್ತೇವೆ. ತಲೆಯ ಕೆಳಗಲ್ಲ! ತಲೆ 45 ಡಿಗ್ರಿ ಬಲಕ್ಕೆ ತಿರುಗಿಸಿ ಮಲಗಿ, ಸುತ್ತು ನಿಲ್ಲುವ ತನಕ, ಕನಿಷ್ಠ 30 ಸೆಕೆಂಡು. ತಲೆ ಎತ್ತದೆ 90 ಡಿಗ್ರಿ ಎಡಕ್ಕೆ ತಿರುಗಿಸಿ, ಮತ್ತೆ ಅಷ್ಟೇ ಹೊತ್ತು. ಆಮೇಲೆ ಮೈಯನ್ನು ಎಡಮಗ್ಗುಲಿಗೆ ಹೊರಳಿಸಿ, ತಲೆಯನ್ನೂ ಜೊತೆಗೇ ತಿರುಗಿಸಿ ಮೂಗು ನೆಲ ನೋಡುವಂತೆ. ಮತ್ತೆ ಕಾಯಿರಿ. ಕೊನೆಗೆ ಗಲ್ಲ ಎದೆಯತ್ತ ಬಾಗಿಸಿಕೊಂಡೇ ಎಡಬದಿಗೆ ಕಾಲಿಳಿಸಿ ಏಳುವುದು. ಒನ್ ರೂಮ್ ಕಿಚನ್‌ನಲ್ಲಿ ಮಂಚ ಗೋಡೆಗೆ ಒತ್ತಿರುತ್ತದೆ. ಎಡಬದಿಗೇ ಗೋಡೆ ಬಂದರೆ ಕಾಲು ಇಳಿಸುವುದೆಲ್ಲಿಗೆ? ಮಂಚ ಎಳೆಯುವ ಕಷ್ಟ ಬೇಡ, ತಲೆ ಹಾಕುವ ಕಡೆ ಕಾಲು ಹಾಕಿ ಮಲಗಿದರಾಯಿತು.

ಇದು ಕೆಡುವುದು ಸಾಮಾನ್ಯವಾಗಿ ಅವಸರದಿಂದ. ಸುತ್ತು ಶುರುವಾದ ತಕ್ಷಣ ಹೆದರಿ ಎದ್ದುಬಿಡುತ್ತಾರೆ, ಇಲ್ಲವೇ ತಿರುಗಿಸುವಾಗ ತಲೆ ಮೇಲೆತ್ತುತ್ತಾರೆ. ಹರಳು ಬಂದ ದಾರಿಯಲ್ಲೇ ಹಿಂದಕ್ಕೆ ಜಾರುತ್ತದೆ. ಹರಳು ಅಡ್ಡ ನಾಳದಲ್ಲಿದ್ದರೆ ಎಪ್ಲಿ ನಾಟುವುದೇ ಇಲ್ಲ, ಅದಕ್ಕೆ ಬೇರೆ ಹೊರಳಾಟವಿದೆ. ಕುತ್ತಿಗೆಯಲ್ಲಿ ತೀವ್ರ ಸವೆತ ಅಥವಾ ಸಂಧಿವಾತ ಇದ್ದವರು ವಿಡಿಯೊ ನೋಡಿ ಕತ್ತು ಇಳಿಬಿಡಬಾರದು. ಸರಿಯಾದ ಮೇಲೂ ಕೆಲವು ದಿನ ತೇಲಿದಂತೆ ಅನಿಸಬಹುದು. ಕೂತೇ ನಿದ್ದೆ ಮಾಡಬೇಕೆಂಬ ಹಳೆಯ ಕಟ್ಟುಪಾಡು ಈಗ ಇಲ್ಲ.

ವೈರಸ್ ತಗುಲಿ ಸಮತೋಲದ ನರ ಊದಿಕೊಂಡವರ ಕಥೆ ಬೇರೆ. ಅಲ್ಲಿ ಕದಲಿಸಲು ಹರಳಿಲ್ಲ, ಮಿದುಳಿಗೆ ಹೊಸ ಲೆಕ್ಕ ಕಲಿಸಬೇಕು. ಸುತ್ತು ತಡೆಯುವ ಮಾತ್ರೆಯನ್ನು ವಾರಗಟ್ಟಲೆ ಎಳೆದರೆ ಈ ಕಲಿಕೆ ತಡವಾಗುತ್ತದೆ. ಯಾವಾಗ ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿ. ಚೀಟಿಯಲ್ಲಿ 'ಕ' ಎಂದು ಬರೆದು ಖಾಲಿ ಗೋಡೆಗೆ ಕಣ್ಣಿನ ಮಟ್ಟದಲ್ಲಿ ಅಂಟಿಸಿ, ತೋಳಿನಳತೆ ದೂರ ಕೂತು, ಕಣ್ಣು ಅಕ್ಷರದ ಮೇಲಿಟ್ಟು ತಲೆಯನ್ನು ಎಡಬಲ ಆಡಿಸಿ. ಒಂದು ನಿಮಿಷ, ದಿನಕ್ಕೆ ಮೂರು ಸಲ. ಅಕ್ಷರ ಮಸುಕಾದರೆ ವೇಗ ಹೆಚ್ಚಾಯಿತು. ಸ್ವಲ್ಪ ತಲೆಸುತ್ತು ಬರಲೇಬೇಕು, ಬಾರದಿದ್ದರೆ ವ್ಯಾಯಾಮ ಸಾಲದು. ಅರ್ಧ ಗಂಟೆಯಾದರೂ ಇಳಿಯದಿದ್ದರೆ ಅತಿಯಾಯಿತು. ಕೂತು ಮಾಡುವುದು ರೂಢಿಯಾದ ಮೇಲೆ ನಿಂತು, ಆಮೇಲೆ ಪಾದ ಜೋಡಿಸಿ, ಕೊನೆಗೆ ಮಡಿಸಿದ ಚಾಪೆಯ ಮೇಲೆ. ಬೆನ್ನ ಹಿಂದೆ ಗೋಡೆಯ ಮೂಲೆ, ಎದುರಿಗೆ ಕುರ್ಚಿ ಇರಲಿ.

ಮುಂಬಯಿಗರಿಗೆ ಇನ್ನೊಂದು ಪರೀಕ್ಷೆ ಪ್ಲಾಟ್‌ಫಾರ್ಮಿನಲ್ಲಿ. ಕಿವಿಯನ್ನು ನಂಬದ ಮಿದುಳು ಕಣ್ಣನ್ನೇ ನೆಚ್ಚಿಕೊಂಡಿರುತ್ತದೆ. ಎದುರಿನಿಂದ ಫಾಸ್ಟ್ ಲೋಕಲ್ ಹಾದರೆ ತಾವೇ ಜಾರಿದಂತಾಗುತ್ತದೆ. ಹೆದರಿ ಲೋಕಲ್ ಹತ್ತುವುದನ್ನೇ ಬಿಟ್ಟರೆ ಈ ಭಯ ಬೇರೂರುತ್ತದೆ. ಮೊದಲು ಗರ್ದಿಯಿಲ್ಲದ ಮಧ್ಯಾಹ್ನ, ಜೊತೆಗೊಬ್ಬರನ್ನು ಕರೆದುಕೊಂಡು, ಅಂಚಿನಿಂದ ದೂರದ ಬೆಂಚಿನಲ್ಲಿ ಕೂತು ನಾಲ್ಕಾರು ಗಾಡಿ ಹೋಗಲು ಬಿಡಿ. ಕಣ್ಣು ಬೋಗಿಗಳ ಹಿಂದೆ ಓಡದೆ ಇಂಡಿಕೇಟರ್ ಮೇಲೆ ನೆಟ್ಟಿರಲಿ. ಅದು ಸಲೀಸಾದ ಮೇಲೆ ಕಂಬಕ್ಕೆ ಕೈಯಾನಿಸಿ ನಿಂತು ಅದನ್ನೇ ಮಾಡಿ, ಆಮೇಲೆ ಕೈ ಬಿಟ್ಟು.