ಗಾಡಿ ಇಳಿದ ಮೇಲೆ ನಡಿ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ 14 ಅಂದರೆ ನಮಗೆಲ್ಲ ಅಂಬೇಡ್ಕರ್ ಜಯಂತಿ, ರಜೆ. ನನ್ನ ಸೋದರಮಾವನಿಗೆ ಆ ದಿನ ಇನ್ನೊಂದು ಕೆಲಸ ಇರುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಮುಂಬಯಿಯ ಬೈಕಲಾದ ಫೈರ್ ಬ್ರಿಗೇಡ್ ಹೆಡ್ಡಾಫೀಸಿಗೆ ಹೋಗಿ, ಅಲ್ಲಿನ ಸ್ಮಾರಕಕ್ಕೆ ಕೈಮುಗಿದು ಬರುತ್ತಿದ್ದರು. ರಿಟೈರ್ ಆದ ಮೇಲೂ ತಪ್ಪಿಸಲಿಲ್ಲ. ಈ ವರ್ಷ ಅವರಿಲ್ಲ. ಅದಕ್ಕೇ ಸಂಘದವರು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ.

ಆ ಸ್ಮಾರಕದ ಕಥೆ ನಿಮಗೆ ಗೊತ್ತಿರಬಹುದು. 1944ರಲ್ಲಿ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕೀನ್ ಅನ್ನುವ ಹಡಗು ನಿಂತಿತ್ತು. ಒಳಗೆ ಹತ್ತಿ ಬೇಲು, ಜೊತೆಗೆ ಸುಮಾರು 1,400 ಟನ್ ಸಿಡಿಮದ್ದು. ಮಧ್ಯಾಹ್ನ ಹತ್ತಿಗೆ ಬೆಂಕಿ ಬಿತ್ತು. ನಾಲ್ಕು ಗಂಟೆ ಆಗುತ್ತಲೇ ಹಡಗು ಸಿಡಿಯಿತು, ಅರ್ಧ ಗಂಟೆಗೆ ಇನ್ನೊಮ್ಮೆ. ಬೆಂಕಿ ಆರಿಸಲು ಹೋದ 66 ಜನ ಫೈರ್‌ಮನ್‌ಗಳು ಮನೆಗೆ ವಾಪಸ್ ಬರಲಿಲ್ಲ. ದೇಶದಲ್ಲೆಲ್ಲ ಈ ದಿನ ಅಗ್ನಿಶಾಮಕ ದಿನ ಆಗಿದ್ದು ಅವರಿಂದ.

ಮಾವ ಇದನ್ನು ಹೇಳುವಾಗ ಸ್ಫೋಟದ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಹತ್ತಿ ಬೇಲಿನ ಬಗ್ಗೆ ಹೇಳುತ್ತಿದ್ದರು. 'ಒತ್ತಿ ಕಟ್ಟಿದ ಬೇಲು. ಮೇಲೆ ಎಷ್ಟು ನೀರು ಹೊಡೆದರೂ ಒಳಗೆ ಕೆಂಡ ಇರ್ತದೆ. ಬಿಚ್ಚಿ ನೋಡದೆ ಆರಿತು ಅಂತ ಹೇಳಬಾರದು' ಅಂತ.

ಮಾವ ಊರು ಬಿಟ್ಟು ಬಂದಿದ್ದು ಕುಂದಾಪುರದ ಕಡೆಯಿಂದ. ಮೊದಲು ಹೋಟೆಲಿನಲ್ಲಿ ತಟ್ಟೆ ತೊಳೆದರು, ರಾತ್ರಿ ಶಾಲೆಗೆ ಹೋದರು, ಆಮೇಲೆ ಫೈರ್‌ಮನ್ ಆದರು. ನಮ್ಮಲ್ಲಿ ಅನೇಕರ ಕಥೆ ಫೈರ್‌ಮನ್ ಆಗುವಲ್ಲಿಯವರೆಗೆ ಹೀಗೇ ಅಲ್ವಾ! ಅವರ ಕೆಲಸದ ಬಗ್ಗೆ ನಮಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಮನೆಗೆ ಬಂದರೆ ಸ್ನಾನ, ಗಂಜಿ, ನಿದ್ದೆ. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಅವರ ಹಳೆಯ ಜೊತೆಗಾರರು ಮೂವರು ಬಂದರು. ಒಬ್ಬರು ಗಾಡಿಯ ಡ್ರೈವರ್ ಆಗಿದ್ದವರು, ಒಬ್ಬರು ಅಧಿಕಾರಿಯಾಗಿ ರಿಟೈರ್ ಆದವರು, ಇನ್ನೊಬ್ಬ ಮಾವನ ಕೈಕೆಳಗೆ ಕೆಲಸ ಕಲಿತ ಹುಡುಗ. ಹುಡುಗ ಅಂದರೆ ಈಗ ಐವತ್ತು ದಾಟಿದೆ.

ಮುಂಬಯಿಯಲ್ಲಿ ದಕ್ಷಿಣದವರೆಲ್ಲ ಅಣ್ಣಾನೇ. ಸ್ಟೇಷನ್ನಿನಲ್ಲೂ ಮಾವ ಅಣ್ಣಾ. ಆ ಮೂವರ ಮಾತಿನಲ್ಲಿ 'ವರ್ದಿ' ಅಂತ ಪದೇ ಪದೇ ಬರುತ್ತಿತ್ತು. ನಾನು ಯೂನಿಫಾರ್ಮ್ ಅಂದುಕೊಂಡೆ. ಬೆಂಕಿಯ ಕರೆ ಬಂದರೆ ಮರಾಠಿಯಲ್ಲಿ ವರ್ದಿ ಅನ್ನುತ್ತಾರಂತೆ. ಗಾಡಿಗೆ ಬಂಬ್ ಅನ್ನುತ್ತಾರೆ. ಸ್ನಾನದ ನೀರು ಕಾಯಿಸುವ ತಾಮ್ರದ ಹಂಡೆಗೂ ಬಂಬ್ ಅಂತಲೇ ಹೆಸರು. ಒಂದಕ್ಕೆ ಬೆಂಕಿ ಹಾಕಬೇಕು, ಇನ್ನೊಂದು ಬೆಂಕಿ ಆರಿಸಬೇಕು!

ಸಾಹಸದ ಕಥೆ ಕೇಳೋಣ ಅಂತ ನಾವು ಕಾದು ಕೂತಿದ್ದರೆ, ಡ್ರೈವರ್ ಮಾಮಾ ಶುರು ಮಾಡಿದ್ದೇ ದೂರಿನಿಂದ. 'ಅಣ್ಣಾ ತುಂಬಾ ನಿಧಾನ. ನಮಗೆ ಸಿಟ್ಟು ಬರ್ತಿತ್ತು.' ಮಾವನ ಒಂದು ಮಾತಿತ್ತಂತೆ: ಗಾಡಿ ಹತ್ತುವವರೆಗೆ ಓಡು, ಇಳಿದ ಮೇಲೆ ನಡಿ. ಹೊಗೆ ತುಂಬಿದ ಮೆಟ್ಟಿಲಲ್ಲಿ ಓಡಿದವನು ಬೀಳುತ್ತಾನೆ, ಆಮೇಲೆ ಅವನನ್ನು ಎತ್ತಲು ಇಬ್ಬರು ಬೇಕು.

ಒಂದು ಚಾಳಿನ, ಅಂದರೆ ಸಾಲು ಕೋಣೆಗಳ ಕಟ್ಟಡದ, ಬೆಂಕಿಯ ಮಾತು ಬಂತು. ಮೂರನೇ ಮಹಡಿ ಅಂತ ಒಬ್ಬರು, ಅಲ್ಲ ಎರಡನೆಯದು ಅಂತ ಇನ್ನೊಬ್ಬರು. ಹತ್ತು ನಿಮಿಷ ಅದೇ ಜಗಳ. ಚಹಾ ಆರಿಹೋಯಿತು. ಬಾಗಿಲ ವಿಷಯದಲ್ಲಿ ಮಾತ್ರ ಇಬ್ಬರದ್ದೂ ಒಂದೇ ಮಾತು. ಮುಚ್ಚಿದ ಬಾಗಿಲು, ಒಳಗಿಂದ ಸದ್ದಿಲ್ಲ. ಹುಡುಗ ಒದೆಯಲು ಕಾಲೆತ್ತಿದ. ಮಾವ ಅವನ ಬೆಲ್ಟ್ ಹಿಡಿದು ಹಿಂದಕ್ಕೆ ಎಳೆದರು. ಕೈಗವಸು ತೆಗೆದು, ಅಂಗೈಯಲ್ಲ, ಮುಂಗೈಯ ಹೊರಭಾಗವನ್ನು ಬಾಗಿಲಿಗೆ ಹತ್ತಿರ ತಂದರು. ಕೆಳಗಿಂದ ಮೇಲಕ್ಕೆ, ಮೆಲ್ಲಗೆ. ಮೇಲ್ಭಾಗ ಕಾದಿತ್ತು. ಗಾಳಿಯಿಲ್ಲದೆ ಒಳಗೇ ಕುದಿಯುತ್ತಿರುವ ಹೊಗೆಗೆ ಒಮ್ಮೆಲೇ ಬಾಗಿಲು ತೆಗೆದು ಗಾಳಿ ಕೊಟ್ಟರೆ ಉರಿ ಮುಖಕ್ಕೇ ಬರುತ್ತದೆ. ಎಲ್ಲರನ್ನೂ ಪಕ್ಕಕ್ಕೆ ಕೂರಿಸಿ, ಹೋಸಿನಲ್ಲಿ ನೀರು ಬಂದದ್ದು ನೋಡಿಕೊಂಡೇ ಬಾಗಿಲು ಸರಿಸಿದ್ದು. ಇಷ್ಟು ಹೇಳಿ ಆ ಹುಡುಗ ತನ್ನ ಮುಂಗೈಯನ್ನೇ ನೋಡುತ್ತಾ ಸುಮ್ನೆ ಕೂತುಬಿಟ್ಟ.

ನನಗೆ ಥಟ್ಟನೆ ಅಡುಗೆಮನೆ ನೆನಪಾಯಿತು. ಒಮ್ಮೆ ಅತ್ತೆ ಬಾಣಲೆಯಲ್ಲಿ ಎಣ್ಣೆ ಇಟ್ಟು ಮರೆತಿದ್ದರು, ಎಣ್ಣೆಗೇ ಬೆಂಕಿ ಹತ್ತಿತು. ನಾನು ನೀರಿನ ಚೊಂಬು ಎತ್ತಿದೆ. ಮಾವ ಕೂಗಲಿಲ್ಲ. ಚೊಂಬು ಕಿತ್ತುಕೊಂಡು, ಗ್ಯಾಸ್ ಆಫ್ ಮಾಡಿ, ದೊಡ್ಡ ಮುಚ್ಚಳವನ್ನು ಪಕ್ಕದಿಂದ ಜಾರಿಸಿ ಮುಚ್ಚಿದರು. ನೀರು ಎಣ್ಣೆಯ ಕೆಳಗೆ ಇಳಿದು ಆವಿಯಾಗಿ, ಉರಿಯುವ ಎಣ್ಣೆಯನ್ನು ಸೂರಿಗೆ ಹಾರಿಸುತ್ತದಂತೆ. ಬಾಣಲೆ ತಣ್ಣಗಾಗುವ ತನಕ ಯಾರಿಗೂ ಮುಚ್ಚಳ ತೆಗೆಯಲು ಬಿಡಲಿಲ್ಲ. ಅವತ್ತು ರಾತ್ರಿ ಊಟ ಜಾಸ್ತಿನೇ ತಡವಾಯಿತು.

2015ರ ಮೇ 9ರಂದು ಕಾಲ್ಬಾದೇವಿಯ ಗೋಕುಲ್ ನಿವಾಸದಲ್ಲಿ ಬೆಂಕಿ ಬಿದ್ದು ಕಟ್ಟಡ ಕುಸಿಯಿತು. ಫೈರ್ ಬ್ರಿಗೇಡಿನ ನಾಲ್ವರು ಅಧಿಕಾರಿಗಳು ಜೀವ ಕಳೆದುಕೊಂಡರು, ಮುಖ್ಯ ಅಧಿಕಾರಿಯೂ ಅವರಲ್ಲಿ ಒಬ್ಬರು. ಮಾವ ಆಗ ರಿಟೈರ್ ಆಗಿದ್ದರು. ರಾತ್ರಿಯಿಡೀ ಟಿವಿ ಮುಂದೆ ಕೂತಿದ್ದರು ಅಂತ ಅತ್ತೆ ಹೇಳಿದರು. ಆ ರಾತ್ರಿ ಮಾವ ಮೂರು ಸಲ ಫೋನ್ ಮಾಡಿದ್ದರು ಅಂತ ಡ್ರೈವರ್ ಮಾಮಾ ಹೇಳಿದರು. ಕೇಳಿದ್ದು ಒಂದೇ ಪ್ರಶ್ನೆ: 'ಒಳಗೆ ಎಷ್ಟು ಜನ ಹೋಗಿದ್ದರು, ಎಷ್ಟು ಜನ ಹೊರಗೆ ಬಂದರು?' ಡ್ಯೂಟಿಯಲ್ಲೂ ಅಷ್ಟೆ. ಗಾಡಿ ಹೊರಡುವ ಮೊದಲು ತಲೆ ಎಣಿಸದೆ ಮಾವ ಹತ್ತುತ್ತಿರಲಿಲ್ಲ.

ಹೊರಡುವಾಗ ಮೂವರೂ ಮೆಟ್ಟಿಲಲ್ಲಿ ನಿಂತುಬಿಟ್ಟರು. ಸೈಕಲ್ಲು, ಹಳೇ ಕಪಾಟು, ಚಪ್ಪಲಿ ಸ್ಟ್ಯಾಂಡು, ಪೇಪರಿನ ರಾಶಿ. 'ಅಣ್ಣಾನ ಬಿಲ್ಡಿಂಗಿನಲ್ಲಿ ಹೀಗಾ?' ಅಂತ ಡ್ರೈವರ್ ಮಾಮಾ ನಮ್ಮನ್ನು ಬೈದರು. ನಿಜವಾಗಿ ಮಾವ ಹತ್ತು ವರ್ಷದಿಂದ ಬೈಯುತ್ತಿದ್ದರು, ನಾವು ಕೇಳಿರಲಿಲ್ಲ. ಅವತ್ತೇ ಸಂಜೆ ಕಪಾಟು ಗುಜರಿಯವನಿಗೆ ಹೋಯಿತು, ಸೈಕಲ್ಲು ಕೆಳಗಿಳಿಯಿತು. ನಾಲ್ಕನೇ ಮಹಡಿಯವರ ಚಪ್ಪಲಿ ಸ್ಟ್ಯಾಂಡು ಮಾತ್ರ ಇನ್ನೂ ಅಲ್ಲೇ ಇದೆ. ಅವರು ಇವತ್ತು ಎರಡನೇ ಸಾಲಿನಲ್ಲಿ ಕೂತಿದ್ದಾರೆ, ಅದಕ್ಕೇ ಹೇಳಿದೆ.